ಓಕಿನ ಬೂದಿಗೆ ಓಕಿನ ಪೀಪಾಯಿ

ಅಪ್ಪನ ಕೈಗೆ ಅಳತೆಗೋಲು ಬೇಕಿರಲಿಲ್ಲ.
ಗ್ರೀನಕ್ಕಿನ ಹಡಗುಕಟ್ಟೆಯ ಹಿಂದೆ, ಉಪ್ಪುಮೀನು ನಾರುವ ಓಣಿಯಲ್ಲಿ
ಓಕಿನ ಹಲಗೆಯನ್ನು ಕೆನ್ನೆಗೊತ್ತಿ ಒಂದು ಕಣ್ಣು ಮುಚ್ಚಿದರೆ ಸಾಕು,
ಹೊಟ್ಟೆ ಎಲ್ಲಿ ಉಬ್ಬಬೇಕು, ಕುತ್ತಿಗೆ ಎಲ್ಲಿ ಇಳಿಯಬೇಕು
ಕೀಸುಳಿಗೇ ತಿಳಿದುಬಿಡುತ್ತಿತ್ತು.
ಮೊಳೆಯಿಲ್ಲ. ಅಂಟಿಲ್ಲ.
ಒಳಗೆ ಬೆಂಕಿ, ಹೊರಗೆ ಸುತ್ತಿಗೆ, ನಡುವೆ ಬಾಗುವ ಮರ.
"ಹಲಗೆ ಹಲಗೆಯ ಭುಜ ಹಿಡಿದರೆ
ಸಮುದ್ರಕ್ಕೂ ಒಳಗೆ ಬರಲು ಸಂದಿಲ್ಲ" ಅನ್ನುತ್ತಿದ್ದ.

ಆಮೇಲೆ ಮೀನು ಬೇರೆ ನೀರಿಗೆ ಹೋಯಿತು.
ಮಾಲೀಕ ವಾರಕ್ಕೆ ಮೂರು ದಿನ ಕೆಲಸ ಅಂದ, ಆಮೇಲೆ ಒಂದು,
ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ.
ಮೇಜಿನ ಮೇಲೆ ಒಂದು ಕಾಗದ ಬಂತು: ಕೆನಡಾದಲ್ಲಿ ನೂರು ಎಕರೆ.
ಅವ್ವ ಕೇಳಿದಳು,
"ಜನ್ಮದಲ್ಲಿ ಒಂದಾದರೂ ಆಲೂಗಡ್ಡೆ ನೆಟ್ಟಿದ್ದೀಯಾ, ನಿನಿಯನ್?"
"ಪೀಪಾಯಿಗಟ್ಟಲೆ ತಿಂದಿದ್ದೇನಲ್ಲ, ಗ್ರಿಜೆಲ್."

ಹಡಗಿನಲ್ಲಿ ಏಳು ವಾರ.
ಕುಡಿಯುವ ನೀರಿನ ಪೀಪಾಯಿ ಸೋರಿದಾಗ
ಇಡೀ ಹಡಗಿನಲ್ಲಿ ನಕ್ಕವನು ಅಪ್ಪ ಒಬ್ಬನೇ.
ಮರುವಾರ ತಮ್ಮ ವಾಟಿಯನ್ನು ಹಾಯಿಬಟ್ಟೆಯಲ್ಲಿಟ್ಟು ಹೊಲಿದರು.
"ತಾಳಿ, ಒಂದು ಪುಟ್ಟದನ್ನು ಮಾಡಿಕೊಡುತ್ತೇನೆ" ಅಂದ ಅಪ್ಪ.
ಹಲಗೆ ಇರಲಿಲ್ಲ.

ಕಾಡು ಸಿಕ್ಕಿತು. ಕಾಡೆಂದರೆ ಕಾಡು,
ನಡುಹಗಲಲ್ಲೂ ದೀಪ ಹಚ್ಚಬೇಕೆನಿಸುವಷ್ಟು.
ಮೂವರು ಕೈ ಕೈ ಹಿಡಿದರೂ ಬಳಸಲಾಗದ ಓಕುಗಳು.
ಅಪ್ಪ ಟೋಪಿ ತೆಗೆದ. ತೊಗಟೆಗೆ ಕೆನ್ನೆಯಿಟ್ಟ.
"ಇದರಿಂದ ಅರವತ್ತು ಪೀಪಾಯಿ, ಅದರಿಂದ ತೊಂಬತ್ತು..."
ಕಾಗದದ ಕರಾರು ಬೇರೆಯೇ ಇತ್ತು:
ಇಂತಿಷ್ಟು ವರ್ಷದಲ್ಲಿ ಇಂತಿಷ್ಟು ಎಕರೆ ಬಯಲಾಗಬೇಕು,
ಇಲ್ಲವಾದರೆ ನೆಲವೂ ಇಲ್ಲ.
ಕಡಿದ. ರಾಶಿ ಹಾಕಿದ. ತಾನೇ ಕೊಳ್ಳಿಯಿಟ್ಟ.
ಮೂರು ರಾತ್ರಿ ಆಕಾಶ ಕುಲುಮೆಯಂತೆ ಉರಿಯಿತು.
ಅವ್ವ ಬಡಿಸಿದ ಗಂಜಿ ಆರಿತು; ಅವನು ಇನ್ನೂ ಎಣಿಸುತ್ತಿದ್ದ.

ಬೂದಿಗೆ ಬೆಲೆಯಿದೆ ಎಂದು ಹೇಳಿದವನು ಪಕ್ಕದ ಮೆಕ್‌ವಿಟಿ.
ಬೂದಿಯ ನೀರನ್ನು ಕಡಾಯಿಯಲ್ಲಿ ಬತ್ತಿಸಿ, ತಳಕ್ಕಿಳಿದ ಉಪ್ಪನ್ನು ಕೆರೆದು
ಗ್ಲಾಸ್ಗೋದ ಸಾಬೂನಿನವರಿಗೆ ಕಳಿಸುವುದು.
ಕಳಿಸಲು? ಪೀಪಾಯಿ ಬೇಕು.
ಉಳಿದಿದ್ದ ಒಂದು ಓಕಿನ ಮುಂದೆ ಅಪ್ಪ ಬಾಚಿ ಹಿಡಿದು ನಿಂತ.
ಸತ್ತವರನ್ನು ಬದುಕಿದವರು ಹೊರುವ ಹಾಗೆ
ಓಕಿನ ಬೂದಿಗೆ ಓಕಿನ ಪೀಪಾಯಿ.
ಆ ದುಡ್ಡಿನಿಂದ ನಮಗೊಂದು ಹಸು ಬಂತು.

ಮಾರ್ಚಿಯಲ್ಲಿ ಹಿಮ ಕರಗುವಾಗ ಮನಿಯಾನ್ ಬಂದಳು,
ಬೆನ್ನಿಗೆ ಮಗು, ಕೈಯಲ್ಲಿ ಬರ್ಚ್ ತೊಗಟೆಯ ಪಾತ್ರೆ.
ಅವಳ ಅಜ್ಜಿಯ ಮೇಪಲ್ ತೋಪು
ನಮ್ಮ ಕಾಗದದೊಳಗೆ ಬಿದ್ದಿತ್ತು.
ಅಪ್ಪ ಪಾತ್ರೆ ತಿರುಗಿಸಿ ತಿರುಗಿಸಿ ನೋಡಿದ,
ಬೇರಿನ ಹೊಲಿಗೆ, ಮರದಂಟಿನ ಬೆಸುಗೆ.
ನೀರು ತುಂಬಿ ಎತ್ತಿಹಿಡಿದ. ಒಂದು ಹನಿ ಇಳಿಯಲಿಲ್ಲ.
ಕುಶಲಕರ್ಮಿ ಕುಶಲಕರ್ಮಿಗೆ ತಲೆಬಾಗುವಂತೆ ಬಾಗಿ
ತನ್ನದೊಂದು ಬಕೀಟು ಕೊಟ್ಟ.
"ಆ ತೋಪಿಗೆ ಕೊಡಲಿ ಹಾಕುವುದಿಲ್ಲ" ಅಂದ, ಅವಳಿಗೆ ತಿಳಿಯದ ಭಾಷೆಯಲ್ಲಿ.
ಎರಡು ವಸಂತ ಬಂದಳು. ಮೂರನೆಯದಕ್ಕೆ ಬರಲಿಲ್ಲ.
ಯಾಕೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಒಳ್ಳೆಯ ಬೇಸಾಯಗಾರ ಅವನಾಗಲೇ ಇಲ್ಲ.
ಬೊಡ್ಡೆಗಳ ಸುತ್ತ ಹೊಟ್ಟೆ ಉಬ್ಬಿಸಿಕೊಂಡು ಹೋಗುತ್ತಿದ್ದ ನೇಗಿಲ ಸಾಲುಗಳನ್ನು
ಊರೇ ನೋಡಿ ನಗುತ್ತಿತ್ತು.
ಆದರೂ ಗೋಧಿ ಬೆಳೆಯಿತು; ಗೋಧಿಗೆ ಗೆರೆಯ ಚಿಂತೆಯಿಲ್ಲ.
ಒಂದು ಆಗಸ್ಟಿನಲ್ಲಿ, ಕಟ್ಟಿದ ಕಂತೆಗೆ ಒರಗಿ ಕೂತವನು
ಮತ್ತೆ ಏಳಲಿಲ್ಲ.

ನಿನ್ನೆ ಕೊಟ್ಟಿಗೆಯ ಅಟ್ಟದಲ್ಲಿ ಅವನ ಕೊನೆಯ ಬಕೀಟು ಸಿಕ್ಕಿತು.
ಎತ್ತಿದರೆ ಬಳೆಗಳು ಜಾರಿದವು, ಹಲಗೆ ಹಲಗೆಯಾಗಿ ಮಡಿಲಿಗೆ ಬಿತ್ತು.
ಒಣಗಿದ್ದಕ್ಕೆ ಹಾಗೆ. ತೊರೆಯಲ್ಲಿ ನೆನೆಸಿಟ್ಟರೆ
ಉಬ್ಬಿ ಮತ್ತೆ ಭುಜ ಹಿಡಿಯುತ್ತವೆ.
ಎಣಿಸಿದೆ. ಹದಿನೈದು ಓಕ್.
ಒಂದು ಮಾತ್ರ ಬೆಳ್ಳಗೆ, ನುಣ್ಣಗೆ.
ಕೆನ್ನೆಗೊತ್ತಿ ಒಂದು ಕಣ್ಣು ಮುಚ್ಚಿದೆ.
ಮೇಪಲ್.