ಬಾರದ ನಡುರಾತ್ರಿ

ಪುಂತಾ ಅರೇನಸ್ಸಿನಲ್ಲಿ ಗಾಳಿಗೆ ರಜೆಯಿಲ್ಲ.
ಕಿಟಕಿಯ ಸಂದಿಗೆ ಹಳೇ ಕಾಲುಚೀಲ ತುರುಕಿ ಕೂತಿದ್ದೆ,
ಮಡಿಲಲ್ಲಿ ಬಿಸಿನೀರ ಚೀಲ,
ಎದುರಿಗೆ ಒಂದೇ ಪ್ರಶ್ನೆಗೆ ಹನ್ನೊಂದು ಉತ್ತರ:
ಚಿಲೊಯೆ ದ್ವೀಪದ ಫೆರಿಗೆ ಟಿಕೆಟ್ಟು ಕೊಡುವ ಪ್ರೋಗ್ರಾಮು.
ಜಗತ್ತಿನಲ್ಲಿ ಯಾರು ಬೇಕಾದರೂ ಬರೆಯಬಹುದು,
ಗೆದ್ದವರಿಗೆ ಒಂಬೈನೂರು ಡಾಲರು,
ಅಂಕ ಕೊಡುವ ನನಗೆ ಅರವತ್ತು.

ಮಸೂರ ಬೇಳೆಯಲ್ಲಿ ಕಲ್ಲು ಆರಿಸಿದ ಹಾಗೆ
ಸಾಲು ಸಾಲು ಬೆರಳಾಡಿಸಿದೆ.
ಗ್ಯೂಮ್ರಿಯ ಮುಶೆಗ್ ಬರೆದದ್ದು ಇಸ್ತ್ರಿ ಹಾಕಿದ ಅಂಗಿ,
ಒಂದು ಸುಕ್ಕಿಲ್ಲ, ಒಂದು ಗುಂಡಿ ತಪ್ಪಿಲ್ಲ,
ನಾನೂರ ಹನ್ನೆರಡು ಪರೀಕ್ಷೆ, ಅಷ್ಟೂ ಹಸಿರು.
ತೊಂಬತ್ತಾರೂವರೆ ಕೊಟ್ಟೆ.
ಮೂರೂವರೆ ಯಾಕೆ ಕಡಿದೆ?
ಕಡಿಯದಿದ್ದರೆ ಓದಿಲ್ಲ ಅಂದುಕೊಳ್ಳುತ್ತಾರೆ.

ಇನ್ನೊಬ್ಬಳು ಎರ್ಮಿಂದಾ. ಆ ದ್ವೀಪದವಳೇ,
ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ: ಇದೆಲ್ಲ ಆಮೇಲೆ ತಿಳಿದದ್ದು.
ಅವಳದ್ದು ಅವಸರದ ಅಡುಗೆಮನೆ,
ಎಲ್ಲವೂ ಇತ್ತು, ಯಾವುದೂ ತನ್ನ ಜಾಗದಲ್ಲಿರಲಿಲ್ಲ.
ನಡುವೆ ಏಳು ಸಾಲಿನದೊಂದು ತುಂಡು,
ಅದರ ನೆತ್ತಿಯ ಮೇಲೆ ಟಿಪ್ಪಣಿ:
'ಸೆಪ್ಟೆಂಬರಿನಲ್ಲಿ ಒಂದು ನಡುರಾತ್ರಿ ಬರುವುದಿಲ್ಲ.
ಅಪ್ಪ ಫೆರಿಯಲ್ಲಿ ಹಗ್ಗ ಹಿಡಿಯುವವನು. ಬೇಕಾದರೆ ಕೇಳಿ.'

ನಾನು ಕೇಳಲಿಲ್ಲ.
ಅನಗತ್ಯ, ಎಂದು ಷರಾ ಎಳೆದೆ. ಶೈಲಿಗೆ ಆರು.
ಮೇಲ್ಮನವಿ ಹಾಕಿದಳು, ಎರಡೇ ಸಾಲು.
ತಿರಸ್ಕೃತ ಎಂಬ ಪದವನ್ನು
ಬರೆಯುವ ಕಷ್ಟವೂ ನನಗಿರಲಿಲ್ಲ,
ಪಟ್ಟಿಯಿಂದ ಆರಿಸಿದೆ.

ನಮ್ಮ ದಕ್ಷಿಣದ ತುದಿಯಲ್ಲಿ ಗಡಿಯಾರಕ್ಕೆ ಯಾರೂ ಕೈ ಹಚ್ಚುವುದಿಲ್ಲ.
ಮೇಲಿನವರು ಮಾತ್ರ ವಸಂತ ಬಂತೆಂದು
ಒಂದು ಶನಿವಾರ, ಹನ್ನೆರಡರ ಹೊಸ್ತಿಲಿಗೆ ಬಂದ ಮುಳ್ಳನ್ನು
ಒಂದಕ್ಕೆ ದೂಡಿಬಿಡುತ್ತಾರೆ.
ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು,
ಪಕ್ಕದ ಮನೆಯವರ ಹಬ್ಬ ಗೊತ್ತಿರುವಷ್ಟು.

ಮೂವತ್ತು ದಿನ ತಿದ್ದುವ ಹೊಣೆ ಗೆದ್ದವನದು.
ಆ ರಾತ್ರಿ ಬಂದದ್ದು ನಲವತ್ತೇಳನೆಯ ದಿನ.

ಭಾನುವಾರದ ಬಾಗಿಲನ್ನು ಸೊನ್ನೆ ಗಂಟೆಗೆ ತಟ್ಟಿತು ಪ್ರೋಗ್ರಾಮು.
ಬಾಗಿಲಿರಲಿಲ್ಲ.
ಮನೆಯೇ ಇಲ್ಲವೆಂದು ತೀರ್ಮಾನಿಸಿತು.
ಬೆಳಗಾದರೆ ಕಟ್ಟೆಯ ಮೇಲೆ ಎರಡು ಲಾರಿ ಆಲೂಗಡ್ಡೆ,
ಬೂಟು ಕೊರಳಿಗೆ ನೇತುಹಾಕಿಕೊಂಡ ಫುಟ್‌ಬಾಲ್ ಹುಡುಗರು,
ಹಲ್ಲುನೋವಿಗೆ ಕೆನ್ನೆ ಕಟ್ಟಿಕೊಂಡ ಹೆಂಗಸು;
ಯಂತ್ರ ಒಂದೇ ಸಮನೆ ಹೇಳುತ್ತಿತ್ತು, ಇಂದು ಎಂಬ ದಿನ ಇಲ್ಲ.
ಎರ್ಮಿಂದಾಳ ಅಪ್ಪ ಲೆಕ್ಕದ ಪುಸ್ತಕದ ಹಾಳೆ ಹರಿದು
ಪೆನ್ಸಿಲಿನಲ್ಲಿ ಚೀಟಿ ಬರೆದು
ಎಲ್ಲರನ್ನೂ ದಾಟಿಸಿದನಂತೆ.

ಮುಶೆಗನಿಗೆ ಬರೆದೆ: ಗಡುವು ಮುಗಿದಿದೆ,
ಕಾಸಿಲ್ಲ, ಕಟ್ಟುಪಾಡಿಲ್ಲ, ಆದರೂ.
ಗಂಟೆಯೊಳಗೆ ಉತ್ತರ:
'ನಮ್ಮೂರ ಚೌಕದಲ್ಲೊಂದು ಗಡಿಯಾರ
ಭೂಕಂಪದ ದಿನದಿಂದ ನಿಂತಿದೆ.
ನಿಂತ ಹೊತ್ತು ಗೊತ್ತು ನನಗೆ,
ಹಾರಿಹೋದ ಹೊತ್ತು ಗೊತ್ತಿರಲಿಲ್ಲ.
ಅವಳ ಏಳು ಸಾಲು ಕಳಿಸು.'

ಇಸ್ತ್ರಿಯ ಅಂಗಿಗೆ ತೇಪೆ ಬಿತ್ತು.
ಅವಳ ಟಿಪ್ಪಣಿಯನ್ನು ಅವನು ಅಳಿಸಲಿಲ್ಲ,
ಅಪ್ಪ, ಹಗ್ಗ, ಎಲ್ಲ ಇದ್ದ ಹಾಗೇ; ಕೆಳಗೆ ಅವಳ ಹೆಸರು.
ನಾನೂರ ಹದಿಮೂರನೆಯ ಪರೀಕ್ಷೆ ನಾನು ಬರೆದೆ.
ಮೊದಲು ಕೆಂಪಾಯಿತು, ಆಗಲೇಬೇಕಿತ್ತು. ಆಮೇಲೆ ಹಸಿರು.
ಅಂಕ ಮಾತ್ರ ಅಲುಗಲಿಲ್ಲ. ಮುಗಿದ ಸ್ಪರ್ಧೆ ಮುಗಿಯಿತು.
ನನ್ನ ಅರವತ್ತನ್ನೂ ಯಾರೂ ವಾಪಸು ಕೇಳಲಿಲ್ಲ.

ಕ್ಷಮೆ ಕೇಳಿ ಎರ್ಮಿಂದಾಳಿಗೆ ಬರೆದದ್ದು ಉದ್ದವಾಯಿತು.
ಅವಳದ್ದು ಎಂದಿನಂತೆ ಎರಡೇ ಸಾಲು:
'ಏಪ್ರಿಲಿನಲ್ಲಿ ಹನ್ನೊಂದು ಗಂಟೆ ಎರಡು ಸಲ ಬರುತ್ತದೆ.
ಅದನ್ನು ನಾನೂ ಬರೆದಿಲ್ಲ, ನೋಡಿದಿರಾ?'

ಗಾಳಿ ಕಾಲುಚೀಲವನ್ನು ಒಳಕ್ಕೆ ನೂಕಿತು.
ಎದ್ದು ಮತ್ತೆ ತುರುಕಿ ಬಂದು
ಈ ಸಲ ಕೇಳಿದೆ:
ನಿಮ್ಮಪ್ಪನ ಫೋನ್ ನಂಬರು ಕೊಡುತ್ತೀರಾ?