ಒಂದೂವರೆ ಮೊಳದಾಚೆ

ಲ್ಯೂಬ್ಲಿಯಾನಾದ ಅಂಗಡಿಯವ ಮೊದಲೇ ಹೇಳಿದ್ದ:
"ಡಿಜಿಟಲ್ ಅನ್ನೋದು ಬರೀ ಹೆಸರಿಗೆ.
ಫೋಕಸ್ಸು ನಿಮ್ಮ ಕೈ, ಬೆಳಕು ನಿಮ್ಮ ಲೆಕ್ಕ,
ರಿಪೇರಿಗೆ ಕಳಿಸಿದರೆ ಆರು ತಿಂಗಳು, ಬಂದರೆ ಬಂತು."
ನಲವತ್ತು ವರ್ಷ ತ್ರಿಯೆಸ್ತೆಯ ಬಂದರಿನಲ್ಲಿ ಕ್ರೇನು ನಡೆಸಿದವ ನಾನು,
ಹಟಮಾರಿ ಕಬ್ಬಿಣ ಹೊಸದೇನಲ್ಲ. ದುಡ್ಡು ಎಣಿಸಿ ಕೊಟ್ಟೆ.

ಇಣುಕುವ ಕಿಟಕಿಯ ನಡುವೆ ಒಂದು ಸಣ್ಣ ಚೌಕ,
ಅದರೊಳಗೆ ಎಲ್ಲವೂ ಎರಡೆರಡು:
ಎರಡು ದೋಣಿಕಂಬ, ಎರಡು ಕಡಲಹಕ್ಕಿ,
ಎರಡು ಮೂಗಿನ ನಿವೆಸ್.
ಉಂಗುರ ತಿರುಗಿಸಿ
ಒಂದರ ಮೇಲೊಂದನ್ನು ತಂದು ಕೂರಿಸಬೇಕು.
ಕೂತಿತು ಅನ್ನುವಷ್ಟರಲ್ಲಿ ಆಕೆ ಬೆನ್ನು ತಿರುಗಿಸಿ
ಯಾರಿಗೋ ಸಾರ್ಡೀನು ತೂಗುತ್ತಿರುತ್ತಾಳೆ.

ಸಾಲದ್ದಕ್ಕೆ ಒಳಗಿನ ಕನ್ನಡಿ ತುಸು ವಾರೆ.
ಗುಡ್ಡದ ಲೈಟ್‌ಹೌಸು ಎಂದೂ ಒಂದಾಗುತ್ತಿರಲಿಲ್ಲ.
ಒಂದು ಭಾನುವಾರ ಸಣ್ಣ ಕೀಲಿ ತೂರಿಸಿ ತಿರುಪಿದೆ.
ಲೈಟ್‌ಹೌಸು ಸರಿಹೋಯಿತು, ಮೇಜಿನ ಮೇಲಿನ ಕಾಫಿ ಕೆಟ್ಟಿತು.
ಕಾಫಿಯನ್ನು ಸರಿಮಾಡಿದೆ, ಲೈಟ್‌ಹೌಸು ಮುನಿಸಿಕೊಂಡಿತು.
ಈಗ ಎರಡಕ್ಕೂ ನಡುವೆ ಎಲ್ಲೋ ಬಿಟ್ಟಿದ್ದೇನೆ;
ಕಣ್ಣು ಬೇಕಾದಾಗ
ಕಿವಿಗೆ ಗುರಿಯಿಡುತ್ತೇನೆ.

ಕಪ್ಪು ಇದಕ್ಕೆ ಗೊತ್ತಿಲ್ಲ.
ದುಶಾನ್‌ನನ್ನು ಮಣ್ಣು ಮಾಡಿದ ದಿನ
ಸಾಲಾಗಿ ನಿಂತ ಕೋಟು, ಕೈಗವಸು, ಛತ್ರಿ
ಎಲ್ಲ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದವು.
ನಮ್ಮ ಕಣ್ಣಿಗೆ ನಿಲುಕದ ಒಂದು ಕೆಂಪು
ನೈಲಾನಿನಿಂದ ಸೋರುತ್ತದಂತೆ, ಇದು ಕುಡಿದುಬಿಡುತ್ತದಂತೆ.
ಅಣ್ಣನ ಕೊನೆಯ ಫೋಟೋಗಳು. ಹೇಗೆ ತೋರಿಸಲಿ?
ತೋರಿಸಿದೆ. ನಿವೆಸ್ ಬಹಳ ಹೊತ್ತು ನೋಡಿ
"ಎಲ್ಲರನ್ನೂ ತೆರಾನೊ ವೈನಿನಲ್ಲಿ ಅದ್ದಿ ತೆಗೆದ ಹಾಗಿದೆ.
ಅವನಿದ್ದಿದ್ದರೆ ನಗುತ್ತಿದ್ದ" ಅಂದಳು.

ಒಂದು ಚಿತ್ರ ನುಂಗಿದರೆ ಕೆಂಪು ದೀಪ ಮಿಟುಕಿಸುತ್ತಾ
ಕಟ್ಟೆಯ ಮೇಲಿನ ಎಮ್ಮೆಯ ಹಾಗೆ ಮೆಲುಕು ಹಾಕುತ್ತದೆ.
ಅಷ್ಟರಲ್ಲಿ ಮಗು ಬಿದ್ದು, ಅತ್ತು, ಎದ್ದು ಹೋಗಿರುತ್ತದೆ.
ಬೋರಾ ಗಾಳಿ ಬೀಸಿದರೆ ಬ್ಯಾಟರಿಗೆ ಪ್ರಾಣವಿಲ್ಲ,
ಕಾವು ಕೂತ ಕೋಳಿಯಂತೆ ಕಂಕುಳಲ್ಲಿಟ್ಟು ನಡೆಯುತ್ತೇನೆ.
ಕತ್ತಲಾದರೆ ಬಲಮೂಲೆಯಲ್ಲಿ ಒಂದು ಕೆಂಪು ಚುಕ್ಕಿ,
ಯಾವ ಚಿತ್ರವೇ ಇರಲಿ, ಅದೇ ಜಾಗ.
ಯಾರಿಟ್ಟ ದೃಷ್ಟಿಬೊಟ್ಟೋ.
ಒರೆಸಿದರೆ ಹೋಗುವುದಿಲ್ಲ, ಈಗ ಒರೆಸುವುದೂ ಇಲ್ಲ.

ಒಂದೂವರೆ ಮೊಳಕ್ಕಿಂತ ಹತ್ತಿರ ಬಂದದ್ದು ಮಾತ್ರ
ಇದಕ್ಕೆ ಕಾಣುವುದೇ ಇಲ್ಲ.
ಅದಕ್ಕೇ ಏನೋ, ಒಂಬತ್ತು ವರ್ಷದಿಂದ ನಾನು
ಅವಳ ಮೀನಿನ ಹಲಗೆಯ ಈಚೆಗೇ ನಿಂತಿದ್ದೇನೆ.

ಜನವರಿಯಲ್ಲಿ ಅವಳು ಅಂಗಡಿ ಮುಚ್ಚಿದಳು.
ಬೀದಿಯಲ್ಲಿ ಜನ ಹಗ್ಗ ಹಿಡಿದು ನಡೆಯುವಂಥ ಗಾಳಿ.
ಚಳಿಗೆ ಹಿಂದಿನ ಪರದೆ ಸತ್ತಿತ್ತು; ಇರಲಿ ಎಂದೆ.
ಕಿಟಕಿಯಲ್ಲಿ ಎಲ್ಲ ಕಂಡೆ: ತಕ್ಕಡಿ ಇಳಿಸಿದ್ದು,
ಕೊನೆಯ ಐಸು ಚರಂಡಿಗೆ ಸುರಿದದ್ದು,
ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ
ಎಲ್ಲಿಡಬೇಕೆಂದು ತಿಳಿಯದೆ ನಿಂತದ್ದು.
ಎರಡೂ ನಿವೆಸ್ ಮೊದಲ ಸಲ ಸರಿಯಾಗಿ ಒಂದಾದರು.
ಹನ್ನೊಂದು ಸಲ ಒತ್ತಿದೆ.

ಮನೆಗೆ ಬಂದು ನೋಡಿದರೆ ಲೆನ್ಸಿನ ಮೇಲೆ ಮುಚ್ಚಳ.
ಈ ಕ್ಯಾಮೆರಾಕ್ಕೆ ಕಿಟಕಿ ಬೇರೆ, ಕಣ್ಣು ಬೇರೆ;
ಒಂದು ತೆರೆದಿದ್ದರೆ ಇನ್ನೊಂದು ತೆರೆದಿದೆ ಎಂದಲ್ಲ.
ಹನ್ನೊಂದು ಕತ್ತಲು, ಪ್ರತಿಯೊಂದರಲ್ಲೂ
ಬಲಮೂಲೆಗೆ ಅದೇ ಕೆಂಪು ಚುಕ್ಕಿ.
ಏಳನೆಯದು ಏಪ್ರನ್ನಿನದು. ನನಗೆ ಗೊತ್ತು.
ಅಳಿಸಿಲ್ಲ.

ವಾರದ ಮೇಲೆ ಕಾಫಿಗೆ ಬಂದು ಕೇಳಿದಳು:
"ಎಲ್ಲಿ, ನನ್ನ ಫೋಟೋ?"
"ಇನ್ನೂ ಮೆಲುಕು ಹಾಕ್ತಿದೆ" ಎಂದೆ.
ನಂಬಲಿಲ್ಲ. ಕುರ್ಚಿ ಎಳೆದುಕೊಂಡು
ಪಕ್ಕದಲ್ಲೇ ಕೂತಳು, ಮೊಳಕ್ಕೂ ಕಡಿಮೆ.
ಅವಳ ಕೈಯಿಂದ ಮೀನಿನ ವಾಸನೆ
ಇನ್ನೂ ಪೂರ್ತಿ ಹೋಗಿರಲಿಲ್ಲ.