ಕೈಸನ್ನೆಯವನ ಮೊದಲ ಮಾತು

ಹನ್ನೊಂದು ವರ್ಷ ಸೊಹಾರ್ ಬಂದರಿನಲ್ಲಿ
ನನ್ನ ಬಾಯಿಗೆ ಕೆಲಸವಿರಲಿಲ್ಲ.
ತೋರುಬೆರಳು ಮೇಲೆತ್ತಿ ಸುತ್ತಿದರೆ ಕಬ್ಬಿಣ ಏಳುತ್ತದೆ,
ಕೆಳಗೆ ತೋರಿಸಿ ಸುತ್ತಿದರೆ ಇಳಿಯುತ್ತದೆ,
ತೋಳು ಚಾಚಿ ಅಂಗೈ ಕವುಚಿದರೆ
ನಲವತ್ತು ಟನ್ನು ಗಾಳಿಯಲ್ಲೇ ಉಸಿರು ಹಿಡಿಯುತ್ತದೆ.
ಮೇಲೆ ಗಾಜಿನ ಗೂಡಿನಲ್ಲಿ ಖಡ್ಗ ಬಹಾದ್ದೂರ.
ಅವನ ದನಿ ನಾನು ಕೇಳಿದ್ದು ಮೆಸ್ಸಿನಲ್ಲಿ ಮಾತ್ರ,
ಅದೂ ಸಾರು ತಣ್ಣಗಿದೆ ಎಂದು ಬೈಯುವಾಗ.

ಆಮೇಲೆ ಬಡ್ತಿ ಬಂತು, ಹಳದಿ ಹೆಲ್ಮೆಟ್ಟು ಬಿಳಿಯಾಯಿತು.
‘ಹುಸೇನಪ್ಪ, ಭಾನುವಾರದಿಂದ ಬೆಳಗಿನ ಸುರಕ್ಷತೆಯ ಮಾತು ನಿನ್ನದು.
ಐದು ನಿಮಿಷ. ಇನ್ನೂರು ಜನ.’
ನನ್ನ ಮದುವೆಯಲ್ಲೂ ನಾನು ಅಷ್ಟು ಮಾತಾಡಿರಲಿಲ್ಲ.

ಆಫೀಸಿನವರು ಕಾಗದ ಕೊಟ್ಟರು:
ನೆಟ್ಟಗೆ ನಿಲ್ಲು, ನಗು, ಕಣ್ಣಿಟ್ಟು ನೋಡು,
ಹೊಟ್ಟೆಯ ಮುಂದೆ ಕೈ ಹೆಣೆಯಬೇಡ.
ಬಾತ್‌ರೂಮಿನ ಕನ್ನಡಿಗೆ ಹೇಳಿ ನೋಡಿದೆ. ಕನ್ನಡಿ ಒಪ್ಪಲಿಲ್ಲ.

ಶುಕ್ರವಾರ ಮೀನು ಮಾರ್ಕೆಟ್ಟಿಗೆ ಹೋದೆ,
ಹರಾಜು ಕೂಗುವ ದಾದ್ ಕರೀಮನ ಬಳಿ.
ಬಲೋಚಿ. ಹಲ್ಲು ಅರ್ಧ, ದನಿ ಪೂರ್ತಿ.
ತೋಳುದ್ದದ ಕನಾದ್ ಮೀನನ್ನು ಬಾಲ ಹಿಡಿದೆತ್ತಿ ಹೇಳಿದ:
‘ಗಂಟಲಿರೋದು ಮೀನು ನುಂಗೋಕೆ.
ಮಾರೋದು ಇಲ್ಲಿಂದ’ – ಹೊಕ್ಕುಳ ಕೆಳಗೆ ಗುದ್ದಿದ;
ಅಂಗಿಯಿಂದ ಆ ವಾಸನೆ ಇನ್ನೂ ಹೋಗಿಲ್ಲ.
‘ದೋಣಿಯಲ್ಲಿ ನಿಂತ ಹಾಗೆ ಕಾಲು ಅಗಲ ಇಡು,
ಮೊಣಕಾಲಿಗೆ ಬೀಗ ಹಾಕಬೇಡ.
ಮುಂದಿದ್ದವನಿಗೆ ಕೂಗಬೇಡ,
ಅವನು ಕೊಳ್ಳೋಲ್ಲ, ಸುಮ್ಮನೆ ಮುಟ್ಟಿ ನೋಡೋನು.
ಹಿಂದೆ ಕಂಬಕ್ಕೆ ಒರಗಿದ್ದಾನಲ್ಲ,
ದುಡ್ಡಿರೋದು ಅವನ ಹತ್ತಿರ.
ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚು.
ಆ ಮೌನದಲ್ಲೇ ಅವನ ಕೈ ಜೇಬಿಗೆ ಹೋಗೋದು.’

ಭಾನುವಾರ. ಸೂರ್ಯ ಇನ್ನೂ ಹಡಗುಗಳ ಹಿಂದೆ.
ಸಿಲ್ಹೆಟ್, ಜನಕಪುರ, ಕರೀಂನಗರ, ಗುಜ್ರಾನ್‌ವಾಲ,
ಎಲ್ಲ ಊರಿನ ನಿದ್ದೆಗಣ್ಣು ನನ್ನ ಮುಂದೆ.
ಪಕ್ಕದ ಕಟ್ಟೆಯಲ್ಲಿ ರಾತ್ರಿಪಾಳಿ ಮುಗಿದಿಲ್ಲ;
ಕ್ರೇನಿನ ಗುಡುಗು, ಹಿಂದೆ ಸರಿಯುವ ಲಾರಿಗಳ ಕೀಂ ಕೀಂ.
‘ಭಾಯಿಲೋಗ್’ ಅಂದೆ.
ದನಿ ನನ್ನ ಮೀಸೆ ದಾಟಲಿಲ್ಲ.
ಯಾರೋ ಆಕಳಿಸಿದ.
ಕಾಗದ ಬೇಡ ಅಂದದ್ದನ್ನೇ ಕೈಗಳು ಮಾಡಿದವು:
ಹೊಟ್ಟೆಯ ಮುಂದೆ ಬಂದು ಹೆಣೆದುಕೊಂಡವು.

ಕ್ರೇನಿನ ಭಾಷೆಯಲ್ಲಿ ಅದಕ್ಕೊಂದು ಅರ್ಥವಿದೆ:
ಎಲ್ಲವನ್ನೂ ಇದ್ದಲ್ಲೇ ಹಿಡಿ, ಬ್ರೇಕು ಹಾಕು.

ಖಡ್ಗ ಬಹಾದ್ದೂರ ಮೇಲಿನಿಂದ ನೋಡಿದ.
ಅವನ ಕೈ ಯೋಚಿಸುವುದಿಲ್ಲ.
ಗುಡುಗು ನಿಂತಿತು.
ಕಂಟೇನರು ಆಕಾಶದಲ್ಲಿ ಹಾಗೇ.
ಏನಾಯಿತೋ ಎಂದು ಲಾರಿಗಳು ಒಂದೊಂದಾಗಿ ಸುಮ್ಮನಾದವು.
ಇನ್ನೂರು ತಲೆ ಮೇಲೆ ನೋಡಿ, ಆಮೇಲೆ ನನ್ನ ನೋಡಿದವು.
ಕಟ್ಟೆಗೆ ಅಲೆ ತಾಗುವ ಸದ್ದು
ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿಸಿತು.

ಉಸಿರು ಹೊಕ್ಕುಳವರೆಗೆ ಇಳಿಯಿತು,
ತಾನಾಗಿ, ಸರಿಯಾಗಿ ಕಟ್ಟಿದ ಭಾರ ಇಳಿಯುವ ಹಾಗೆ.
ಹಿಂದೆ ಡ್ರಮ್ಮಿಗೆ ಒರಗಿದ್ದ ಒಬ್ಬ ಹುಡುಗ,
ಹೆಲ್ಮೆಟ್ಟಿನ ಪಟ್ಟಿ ಕಟ್ಟಿರಲಿಲ್ಲ.
ಅವನಿಗೆ ಹೇಳಿದೆ, ಕೂಗದೆ:
‘ತೂಗುವ ಭಾರದ ಕೆಳಗೆ ಯಾರೂ ನಿಲ್ಲಬಾರದು.’
ಬಾಯಿ ಮುಚ್ಚಿದೆ.
ಅವನ ಕೈ ಗಲ್ಲದ ಕಡೆ ಹೋಯಿತು.
ಪಟ್ಟಿ ಟಿಕ್ ಅಂದದ್ದು ಇಲ್ಲಿಯವರೆಗೆ ಬಂತು.

ಇನ್ನೂ ನಾಲ್ಕೂವರೆ ನಿಮಿಷದ್ದು ಬರೆದು ಜೇಬಿನಲ್ಲಿಟ್ಟಿದ್ದೆ.
ಅಲ್ಲೇ ಇರಲಿ ಎಂದು ಬಿಟ್ಟೆ.
ಹೆಣೆದ ಕೈ ಬಿಡಿಸಿ, ಬೆರಳೆತ್ತಿ ಸುತ್ತಿದೆ.

ಸಂಜೆ ಮೆಸ್ಸಿನಲ್ಲಿ ಖಡ್ಗ ಬಹಾದ್ದೂರ ಕೇಳಿದ:
‘ಯಾಕೋ ನಿಲ್ಲಿಸಿದೆ?’
‘ಮಾತಾಡೋದಿತ್ತು’ ಅಂದೆ.
ಸಾರು ಅವತ್ತೂ ತಣ್ಣಗಿತ್ತು.